ಪಾಲುಪೆಟ್ಟಿಗೆಯ ಗುರುತು

ಕತೆ, ಕವಿತೆಗಳಿಗೆಂದು ಇರುವ ವಾರ್ಷಿಕ ಸಂಚಿಕೆಯಲ್ಲಿ ಗೇರು, ಚೈನು, ಕಬ್ಬಿಣದ ಪೆಟ್ಟಿಗೆಗಳ ಮಾತು ಏಕೆ ಎಂದು ಕೆಲವರಿಗೆ ಅನಿಸೀತು. ನಾನು ಮೆಕ್ಯಾನಿಕ್ ಅಲ್ಲ. ಬಿ.ಎ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ನನಗೆ ಗೊತ್ತಿರುವ ಲೆಕ್ಕವೆಲ್ಲ ಜಮೆ ಮತ್ತು ಖರ್ಚಿನದು. ಆದರೂ ಅಮೆರಿಕದ ಭಾರಿ ಪಿಕಪ್ ಲಾರಿಗಳ ಹೊಟ್ಟೆಯಡಿಯಲ್ಲಿ ಕೂರುವ ಒಂದು ಪೆಟ್ಟಿಗೆಯ ವಿಚಾರ ನಾಲ್ಕು ಮಾತು ಹೇಳಲು ಈಗ ನನಗೆ ಬರುತ್ತದೆ. ಅದಕ್ಕೆ ಕಾರಣ ನನ್ನ ಅಣ್ಣ ಬಿಟ್ಟುಹೋದ ಒಂದು ನೋಟುಪುಸ್ತಕ. ಆ ಪುಸ್ತಕ ಕನ್ನಡದಲ್ಲಿದೆ. ಈ ಸಂಚಿಕೆಯಲ್ಲಿ ನಾಲ್ಕು ಪುಟ ಕೇಳುವ ಧೈರ್ಯ ಬಂದದ್ದು ಆ ಒಂದು ಕಾರಣದಿಂದ.

ಅಣ್ಣ 1998ರಲ್ಲಿ ಶಾರ್ಜಾಕ್ಕೆ ಹೋದವನು. ಕಾಸರಗೋಡಿನ ಯಾವ ಮನೆಯಲ್ಲಿ ಗಲ್ಫಿಗೆ ಹೋದ ಒಬ್ಬನಿಲ್ಲ ಹೇಳಿ! ಅವನಿಗೆ ಸಿಕ್ಕಿದ್ದು ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆಯ ವಾಹನಗಳ ಬಿಡಿಭಾಗ ಮಾರುವ ಒಂದು ಅಂಗಡಿ. ಆ ಪ್ರದೇಶದಲ್ಲಿ ಅಂಥ ಅಂಗಡಿಗಳು ಸಾಲುಸಾಲಾಗಿವೆ. ಅಮೆರಿಕದಿಂದ, ಜಪಾನಿನಿಂದ ಕಂಟೇನರುಗಳಲ್ಲಿ ಬಿಚ್ಚಿದ ಎಂಜಿನ್, ಗೇರ್‌ಬಾಕ್ಸ್, ಬಾಗಿಲು, ದೀಪ ಎಲ್ಲ ಬಂದು ಬೀಳುತ್ತವೆ. ಊರವರೂ ಕೊಳ್ಳುತ್ತಾರೆ, ಆಫ್ರಿಕಾದ ಕಡೆಯ ವ್ಯಾಪಾರಿಗಳೂ ಕೊಂಡು ಹಡಗಿಗೆ ಹಾಕುತ್ತಾರೆ. ಮರಳಿನ ನಾಡಿನಲ್ಲಿ ನಾಲ್ಕು ಚಕ್ರಕ್ಕೂ ಎಳೆತವಿರುವ ಷೆವರ್ಲೆ, ಜಿ.ಎಂ.ಸಿ., ಫೋರ್ಡ್, ಡಾಡ್ಜ್ ಗಾಡಿಗಳಿಗೆ ಬೇಡಿಕೆ ಇದ್ದೇ ಇರುತ್ತದೆ. ಅವುಗಳಲ್ಲಿ ಬೇಗ ಸವೆಯುವ, ಹೊಸದಕ್ಕೆ ಹೋದರೆ ಕೈಸುಡುವ ಭಾಗವೆಂದರೆ ಟ್ರಾನ್ಸ್‌ಫರ್ ಕೇಸ್. ಅಣ್ಣ ತನ್ನ ಪುಸ್ತಕದಲ್ಲಿ ಅದನ್ನು ‘ಪಾಲುಪೆಟ್ಟಿಗೆ’ ಎಂದು ಕರೆದಿದ್ದಾನೆ. ಯಾವ ನಿಘಂಟಿನಲ್ಲೂ ಇಲ್ಲದ ಮಾತು. ಆದರೆ ಪಾಲುಪಟ್ಟಿಯ ಕಾಗದ ಕಂಡ ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಎಂಜಿನಿನ ಶಕ್ತಿ ಗೇರ್‌ಬಾಕ್ಸಿನ ಮೂಲಕ ಹಿಂದೆ ಬರುತ್ತದೆ. ಸಾಮಾನ್ಯ ಲಾರಿಯಲ್ಲಿ ಅದು ನೇರವಾಗಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ನಾಲ್ಕು ಚಕ್ರದ ಎಳೆತವಿರುವಲ್ಲಿ ಗೇರ್‌ಬಾಕ್ಸಿನ ಬೆನ್ನಿಗೆ ಈ ಪೆಟ್ಟಿಗೆ ಕೂತು, ಬಂದದ್ದನ್ನು ಮುಂದಿನವರಿಗೂ ಹಿಂದಿನವರಿಗೂ ಹಂಚುತ್ತದೆ. ನಮ್ಮ ಬದಿಯಡ್ಕ, ಮುಳ್ಳೇರಿಯದ ಕಡೆಯ ತೋಟಗಳ ಹಳೆಯ ಮಹೀಂದ್ರಾ ಜೀಪುಗಳಲ್ಲಿ ಗೇರಿನ ಕೋಲಿನ ಪಕ್ಕ ಇನ್ನೆರಡು ಗಿಡ್ಡ ಕೋಲುಗಳಿದ್ದುದು ನೆನಪಿದೆಯೇ? ಒಂದು ಮುಂದಿನ ಚಕ್ರಗಳನ್ನು ಸೇರಿಸಲಿಕ್ಕೆ, ಇನ್ನೊಂದು ನಿಧಾನದ ಗೇರಿಗೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿದ್ದ ಸ್ಪೈಸರ್ 18 ಎಂಬ ಪೆಟ್ಟಿಗೆಯ ವಂಶವೇ ಅದು. ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿದಾಗ ಅದು ನಮ್ಮ ಗುಡ್ಡಗಳಿಗೂ ಹತ್ತಿತು. ಅಣ್ಣ ಹುಡುಗನಾಗಿದ್ದಾಗ ನೆರೆಮನೆಯ ತೋಟದ ಜೀಪಿನ ಅಡಿಗೆ ಮಲಗಿ ಕಲಿತದ್ದು ಅದನ್ನೇ. ಶಾರ್ಜಾದಲ್ಲಿ ಅವನಿಗಿದ್ದ ಬಂಡವಾಳವೂ ಅಷ್ಟೇ.

ಪುಸ್ತಕ ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಹೋದ ಎರಡನೆಯ ವರ್ಷವೋ ಮೂರನೆಯದೋ, ಒಬ್ಬ ಗಿರಾಕಿ ಡಾಡ್ಜ್ ಲಾರಿಗೆಂದು ಪೆಟ್ಟಿಗೆಯೊಂದನ್ನು ಕೊಂಡ. ಅದರ ಬೆನ್ನಿನಲ್ಲಿದ್ದ ಗುಂಡು ತಗಡಿನ ಮೇಲಿನ ನಂಬರನ್ನು ನೋಡಿ ಅಣ್ಣ ಚೀಟಿ ಬರೆದ. ಒಂದು ವಾರದಲ್ಲಿ ಗಿರಾಕಿ ತಿರುಗಿ ಬಂದ. ಗೇರ್‌ಬಾಕ್ಸಿನ ದಂಡ ಅದರ ಬಾಯಿಗೆ ಇಳಿಯುವುದೇ ಇಲ್ಲ. ಯಾರೋ ಬೇರೊಂದು ಪೆಟ್ಟಿಗೆಯ ಹಿಂಭಾಗವನ್ನು, ತಗಡಿನ ಸಮೇತ, ಇದಕ್ಕೆ ಜೋಡಿಸಿದ್ದರು. ಹಾಗೆ ಜೋಡಿಸಿದವರು ಯಾರೆಂದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ಆದರೂ ಸಂಬಳದಲ್ಲಿ ಮುರಿದದ್ದು ಅಣ್ಣನದು. ಆ ತಿಂಗಳು ಮನೆಗೆ ಹಣ ಬರಲಿಲ್ಲ, ಕಾಗದ ಮಾತ್ರ ಬಂತು. ಪುಸ್ತಕದ ಮೊದಲ ಪುಟದಲ್ಲಿ ಒಂದೇ ಸಾಲಿದೆ: ‘ತಗಡನ್ನು ಓದು, ನಂಬಬೇಡ.’

ಆ ತಗಡಿನ ಮಾತನ್ನು ಸ್ವಲ್ಪ ಬೆಳೆಸಬೇಕು. ಅಮೆರಿಕದ ಪಿಕಪ್‌ಗಳಲ್ಲಿ ಬಹುಪಾಲು ಪೆಟ್ಟಿಗೆಗಳು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನ ನ್ಯೂ ಪ್ರೋಸೆಸ್ ಗೇರ್ ಎಂಬ ಕಂಪೆನಿಯವು. 1888ರಲ್ಲಿ ಹಸಿ ಚರ್ಮವನ್ನು ಒತ್ತಿ ಗೇರು ಮಾಡುವ ಹೊಸ ಕ್ರಮದೊಂದಿಗೆ ಶುರುವಾದ ಕಂಪೆನಿ ಅದು; ‘ನ್ಯೂ ಪ್ರೋಸೆಸ್’ ಎಂಬ ಹೆಸರು ಬಂದದ್ದು ಅದರಿಂದ. ಅವರ ಪೆಟ್ಟಿಗೆಗಳಿಗೆ ಎನ್.ಪಿ. ಎಂಬ ಅಕ್ಷರಗಳು. 1990ರಲ್ಲಿ ಕ್ರೈಸ್ಲರ್ ಮತ್ತು ಜನರಲ್ ಮೋಟಾರ್ಸ್ ಕೂಡಿ ನ್ಯೂ ವೆಂಚರ್ ಗೇರ್ ಮಾಡಿಕೊಂಡಾಗ ಅಕ್ಷರಗಳು ಎನ್.ವಿ. ಆದವು. 2004ರಲ್ಲಿ ಮ್ಯಾಗ್ನಾ ಕೊಂಡ ಮೇಲೆ ಎಂ.ಪಿ. ಎಂಬ ಅಕ್ಷರಗಳೂ ಬಂದವು. 2012ರಲ್ಲಿ ಸಿರಾಕ್ಯೂಸಿನ ಆ ಕಾರ್ಖಾನೆಯೇ ಮುಚ್ಚಿತು. ಆದರೆ ಗಿರಾಕಿಗಳು ಎನ್.ಪಿ. 241 ಎಂದು ಕೇಳಿದರೂ ಎನ್.ವಿ. 241 ಎಂದು ಕೇಳಿದರೂ ಹುಡುಕುವುದು ಒಂದೇ ವಂಶದಲ್ಲಿ. ಇದು ನನಗೆ ಕೂಡಲೇ ಅರ್ಥವಾಯಿತು. 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಹೆಸರುಗಳಲ್ಲಿ ಸೇರಿಹೋದದ್ದನ್ನು ಕಂಡ ಊರಿನವನು ನಾನು. ನಮ್ಮ ಮುದುಕಿಯರು ಈಗಲೂ ‘ಸಿಂಡಿಕೇಟಿಗೆ ಹೋಗಿ ಬರುತ್ತೇನೆ’ ಎಂದೇ ಹೊರಡುತ್ತಾರೆ, ಸರಿಯಾದ ಬಾಗಿಲಿಗೇ ಹೋಗುತ್ತಾರೆ.

ನಂಬರಿಗೂ ಒಂದು ಅರ್ಥವಿದೆ. ಮೊದಲ ಅಂಕಿ 2 ಎಂದರೆ ವೇಗದ್ದು, ನಿಧಾನದ್ದು ಎಂದು ಎರಡು ಸಾಲು ಗೇರು. ನಡುವಿನ ಅಂಕಿ ಪೆಟ್ಟಿಗೆಯ ಗಾತ್ರ, ಗಟ್ಟಿತನದ ವರ್ಗ. ಕೊನೆಯದು ಅದನ್ನು ನಡೆಸುವ ಬಗೆ. 241, 261, 271 ಎಂದರೆ ಕೈಯಿಂದ ಕೋಲು ಎಳೆದು ಬದಲಿಸುವಂಥವು. 243, 263, 273 ಎಂದರೆ ಅದನ್ನೇ ವಿದ್ಯುತ್ ಮೋಟಾರಿನಿಂದ ಮಾಡುವಂಥವು. ಹಳೆಯ 203, 205ಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಫೋರ್ಡಿನವರು 1980ರಿಂದ ಬಹುಕಾಲ ಬೋರ್ಗ್‌ವಾರ್ನರ್ ಕಂಪೆನಿಯ 1345, 1356 ಎಂಬವನ್ನು ಹಾಕಿಕೊಂಡು, 1999ರ ಸೂಪರ್ ಡ್ಯೂಟಿ ಲಾರಿಗಳಲ್ಲಿ 271, 273ಕ್ಕೆ ಬಂದರು.

ತಗಡು ಬಿದ್ದುಹೋಗಿದ್ದರೆ? ಅಥವಾ ಸುಳ್ಳಾಗಿದ್ದರೆ? ಅಣ್ಣನ ಪುಸ್ತಕದ ಮುಕ್ಕಾಲು ಭಾಗ ಈ ಪ್ರಶ್ನೆಗೆ ಉತ್ತರ. ಜಾತಕ ಕಳೆದುಹೋದ ಮನುಷ್ಯನನ್ನು ಮುಖ, ನಡೆ, ಮಾತಿನಿಂದ ಗುರುತಿಸುವ ಹಾಗೆ ಅವನು ಪೆಟ್ಟಿಗೆಯನ್ನು ಗುರುತಿಸಲು ಒಂದು ಕ್ರಮ ಮಾಡಿಕೊಂಡಿದ್ದ.

ಮೊದಲು ಅಯಸ್ಕಾಂತ. ಅದು ಹಿಡಿದರೆ ಎರಕದ ಕಬ್ಬಿಣ, ಹಿಡಿಯದಿದ್ದರೆ ಅಲ್ಯೂಮಿನಿಯಂ ಅಥವಾ ಮೆಗ್ನೀಷಿಯಂ. ಕಬ್ಬಿಣವಾದರೆ ಅದು 1970, 80ರ ದಶಕದ ಹಿರಿಯರ ಪೈಕಿ. ಅವರಲ್ಲಿ ದೊಡ್ಡವನು ಎನ್.ಪಿ. 205. ಒಳಗೆ ಚೈನೇ ಇಲ್ಲ, ಎಲ್ಲ ಗೇರು. ಒಬ್ಬನಿಂದ ಎತ್ತಲಾಗದ ಭಾರ. ಅಣ್ಣ ಅದರ ಪಕ್ಕ ‘ಸಾಯುವುದಿಲ್ಲ’ ಎಂದು ಬರೆದು ಅಡಿಗೆರೆ ಎಳೆದಿದ್ದಾನೆ. ಮುಂದೆ 1980ರ ಹೊತ್ತಿಗೆ ಬಂದ 208 ಮತ್ತು ಅದರ ನಂತರದ 241 ಹಗುರ ಲೋಹದ ಮೈಯವು. ಒಳಗೆ ಅಗಲವಾದ ಚೈನು.

ಎರಡನೆಯದು ಮೋರೆ. ಪೆಟ್ಟಿಗೆ ಗೇರ್‌ಬಾಕ್ಸಿಗೆ ಅಂಟಿ ಕೂರುವಂಥದೋ, ದೂರ ಕೂತು ನಡುವೆ ಗಿಡ್ಡ ದಂಡವೊಂದು ಬೇಕಾಗುವಂಥದೋ? ಅಮೆರಿಕದ ಕಸುಬಿನವರು ಮೊದಲನೆಯದನ್ನು ‘ಮ್ಯಾರೀಡ್’ ಎಂದೂ ಎರಡನೆಯದನ್ನು ‘ಡೈವೋರ್ಸ್ಡ್’ ಎಂದೂ ಕರೆಯುತ್ತಾರಂತೆ. ಅಣ್ಣ ‘ಕೂಡಿದ್ದು’, ‘ಬೇರೆ ಕೂತದ್ದು’ ಎಂದು ಬರೆದಿದ್ದಾನೆ. 205ರಲ್ಲಿ ಎರಡು ಬಗೆಯೂ ಉಂಟು. ಕೂಡಿದ್ದಾದರೆ ಬೋಲ್ಟುಗಳ ಸುತ್ತನ್ನು ನೋಡಬೇಕು. ಜಿ.ಎಂ.ನ 205ರಲ್ಲಿ ಕೆಲವಕ್ಕೆ ಗುಂಡು ಮೋರೆ, ಕೆಲವಕ್ಕೆ ಇಂಗ್ಲಿಷಿನ ಎಂಟರ ಅಂಕಿಯ ಹಾಗಿರುವ ಮೋರೆ. 208, 241ಗಳದು ಸಾಧಾರಣವಾಗಿ 6 ಬೋಲ್ಟಿನ ಗುಂಡು ಮೋರೆ.

ಮೂರನೆಯದು ಎಡ, ಬಲ. ಇಲ್ಲಿ ಪುಸ್ತಕದಲ್ಲಿ ಎರಡು ಪುಟ ಖರ್ಚಾಗಿದೆ. ಮುಂದಿನ ಚಕ್ರಗಳಿಗೆ ಹೋಗುವ ದಂಡ ಪೆಟ್ಟಿಗೆಯ ಒಂದು ಬದಿಯಿಂದ ಹೊರಡುತ್ತದೆ. ಯಾವ ಬದಿ ಎಂಬುದು ಆ ಲಾರಿಯ ಮುಂದಿನ ಅಚ್ಚಿನ ಮೇಲೆ ನಿಂತಿದೆ. ಫೋರ್ಡಿನ ಭಾರಿ ಪಿಕಪ್‌ಗಳಲ್ಲಿ ಎಡಕ್ಕೆ. ಷೆವರ್ಲೆ, ಜಿ.ಎಂ.ಸಿ.ಗಳಲ್ಲಿ 1970, 80ರ ದಶಕದ ಗಾಡಿಗಳಿಗೆ ಬಲಕ್ಕೆ, ಆಮೇಲಿನವಕ್ಕೆ ಎಡಕ್ಕೆ. ಡಾಡ್ಜ್ ರ‍್ಯಾಮ್‌ನ ಭಾರಿ ಮಾದರಿಗಳಲ್ಲಿ ಬಲಕ್ಕಿದ್ದದ್ದು 2003ರಿಂದ ಎಡಕ್ಕೆ ಬಂತು. ಅಮೆರಿಕದವರು ಎಡ, ಬಲ ಎನ್ನುವುದಿಲ್ಲ, ‘ಡ್ರೈವರನ ಬದಿ’, ‘ಪ್ರಯಾಣಿಕನ ಬದಿ’ ಎನ್ನುತ್ತಾರೆ. ಅವರ ಡ್ರೈವರ್ ಎಡಕ್ಕೆ ಕೂರುವವನು, ನಮ್ಮವನು ಬಲಕ್ಕೆ. ಕೀನ್ಯಾ, ತಾಂಜಾನಿಯಾದಿಂದ ಬಂದ ಗಿರಾಕಿಯೂ ಬಲಕ್ಕೆ ಕೂತು ಓಡಿಸುವ ಊರಿನವನೇ. ಅವನು ‘ಡ್ರೈವರನ ಬದಿಯದು ಕೊಡು’ ಎಂದರೆ ಯಾವ ಡ್ರೈವರ್ ಎಂದು ಕೇಳಬೇಕು! ಆದ್ದರಿಂದ ಅಣ್ಣನ ಕಟ್ಟಳೆ ಹೀಗೆ: ‘ಡ್ರೈವರನ ಸುದ್ದಿ ಬೇಡ. ಗೇರ್‌ಬಾಕ್ಸಿಗೆ ಸೇರುವ ಬಾಯಿ ಆಚೆಗಿರಲಿ, ಹಿಂದಿನ ದಂಡ ನಿನ್ನ ಹೊಟ್ಟೆಗೆ ನೇರ ಇರಲಿ. ಆಗ ನಿನ್ನ ಎಡವೇ ಅದರ ಎಡ.’

ನಾಲ್ಕನೆಯದು ಬಾಯಿಯೊಳಗಿನ ಹಲ್ಲು. ಇಂಗ್ಲಿಷಿನಲ್ಲಿ ಸ್ಪ್ಲೈನ್ ಎನ್ನುವ ಗೀರುಗಳಿಗೆ ಅವನು ‘ಒಳಹಲ್ಲು’ ಎಂದು ಹೆಸರಿಟ್ಟಿದ್ದಾನೆ. ಜಿ.ಎಂ.ನ 205ರಲ್ಲಿ 10, 27, 32 ಎಂದು ಮೂರು ಲೆಕ್ಕ ಉಂಟು. ಫೋರ್ಡಿನದರಲ್ಲಿ 31. ಡಾಡ್ಜಿನವುಗಳಲ್ಲಿ 23 ಮತ್ತು 29. ಆವತ್ತು ಅಣ್ಣನ ಸಂಬಳ ನುಂಗಿದ್ದು ಈ ಆರು ಹಲ್ಲುಗಳ ವ್ಯತ್ಯಾಸ. ಎಣಿಸುವ ಕ್ರಮವೂ ಬರೆದಿದೆ: ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚು, ಅಲ್ಲಿಂದ ಹೊರಡು, ಅಲ್ಲಿಗೇ ಬಾ. ಎರಡು ಸಲ ಎಣಿಸು, ಎರಡನೆಯ ಸಲ ತಿರುವು ದಿಕ್ಕಿನಿಂದ. ನಗದು ಎಣಿಸಲು ಕೂತ ಮೊದಲ ದಿನ ನಮ್ಮ ಹಿರಿಯ ಕ್ಯಾಷಿಯರು ಹೇಳಿಕೊಟ್ಟ ಪಾಠವೂ ಇದೇ ಆಗಿತ್ತು.

ಐದನೆಯದು ನನಗೆ ಬಹಳ ಹಿಡಿಸಿದ್ದು. ಪೆಟ್ಟಿಗೆಯನ್ನು ಬಿಚ್ಚದೆ ಒಳಗಿನ ಗೇರಿನ ಲೆಕ್ಕ ತಿಳಿಯುವ ಉಪಾಯ. ನಿಧಾನದ ಗೇರಿಗೆ ಹಾಕಿ, ಬಾಯಿಗೆ ಹಳೆಯ ದಂಡದ ತುಂಡೊಂದನ್ನು ಸಿಕ್ಕಿಸಿ ಕೈಯಿಂದ ತಿರುಗಿಸಬೇಕು. ಹಿಂದಿನ ದಂಡ ಪೂರ್ತಿ 10 ಸುತ್ತು ಬರುವಷ್ಟರಲ್ಲಿ ಬಾಯಿಯ ದಂಡ ಎಷ್ಟು ಸುತ್ತಿತೆಂದು ಎಣಿಸಬೇಕು. 205ರಲ್ಲಿ 20ಕ್ಕೆ ತುಸು ಕಡಿಮೆ, ಏಕೆಂದರೆ ಅದರ ಪ್ರಮಾಣ 1.96. 208ರಲ್ಲಿ 26 ದಾಟುತ್ತದೆ, ಪ್ರಮಾಣ 2.61. 241, 271ಗಳಲ್ಲಿ 27 ದಾಟುತ್ತದೆ, ಪ್ರಮಾಣ 2.72. ಒಂದೇ ಸುತ್ತು ತಿರುಗಿಸಿದರೆ 208ಕ್ಕೂ 241ಕ್ಕೂ ವ್ಯತ್ಯಾಸ ಕೈಗೆ ಸಿಗುವುದಿಲ್ಲ. ಹತ್ತು ಸುತ್ತಿಗೆ ಒಂದು ಸುತ್ತಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹತ್ತನೆಯ ತರಗತಿಯ ಗಣಿತದಲ್ಲಿ ಎರಡು ಸಲ ನಪಾಸಾದವನು ಇದನ್ನು ತಾನಾಗಿ ಕಂಡುಕೊಂಡನೋ ಯಾರಿಂದಲೋ ಕಲಿತನೋ ಗೊತ್ತಿಲ್ಲ. ಬರೆದಿಟ್ಟವನಂತೂ ಅವನೇ.

ಎನ್.ಪಿ. 203 ಎಂಬುದು ಬೇರೆ ಜಾತಿ. ತಿರುವಿನಲ್ಲಿ ಲಾರಿಯ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದಾರಿ ಕ್ರಮಿಸುತ್ತವೆ. ಎರಡನ್ನೂ ಗಟ್ಟಿಯಾಗಿ ಕಟ್ಟಿಹಾಕಿ ಒಣ ಡಾಮರಿನ ಮೇಲೆ ಓಡಿಸಿದರೆ ಒಳಗೆ ಎಲ್ಲ ಬಿಗಿದುಕೊಳ್ಳುತ್ತದೆ. ಕೆಸರಿನಲ್ಲಿ, ಮರಳಿನಲ್ಲಿ ಚಕ್ರ ಜಾರುವುದರಿಂದ ತೊಂದರೆಯಿಲ್ಲ. ಆದ್ದರಿಂದ ಉಳಿದ ಪೆಟ್ಟಿಗೆಗಳನ್ನು ಬೇಕಾದಾಗ ಮಾತ್ರ ಸೇರಿಸುವುದು. 203ರಲ್ಲಾದರೆ ನಡುವೆ ಒಂದು ಡಿಫರೆನ್ಷಿಯಲ್ ಇಟ್ಟು, ನಾಲ್ಕೂ ಚಕ್ರ ಸದಾ ಎಳೆಯುವಂತೆ ಮಾಡಿದರು. ಗುರುತು ಸುಲಭ: ಬಾಯಿಯ ದಂಡವನ್ನು ಹಿಡಿದು ನಿಲ್ಲಿಸಿ ಹಿಂದಿನದನ್ನು ತಿರುಗಿಸಿದರೆ ಮುಂದಿನದು ಉಲ್ಟಾ ತಿರುಗುತ್ತದೆ. ಆದರೆ ಸದಾ ಎಳೆಯುವುದಕ್ಕೆ ಸದಾ ಎಣ್ಣೆ ಬೇಕು. 1973ರ ತೈಲ ಬಿಕ್ಕಟ್ಟಿನ ಮೇಲೆ ಅಮೆರಿಕದಲ್ಲಿ ಪೆಟ್ರೋಲು ದುಬಾರಿಯಾಯಿತು, ದಶಕ ಮುಗಿಯುವಾಗ 203ರ ಕಾಲವೂ ಮುಗಿಯಿತು. ಅರಬ್ ದೇಶಗಳ ಎಣ್ಣೆಯ ನಿರ್ಬಂಧದಿಂದ ಮೂಲೆಗುಂಪಾದ ಪೆಟ್ಟಿಗೆಯನ್ನು ಅರಬರ ನಾಡಿನಲ್ಲೇ ಕೂತು ಕಾಸರಗೋಡಿನವನೊಬ್ಬ ಮಾರಬೇಕಾಯಿತು!

ಕೊನೆಗೆ ಆರೋಗ್ಯ ಪರೀಕ್ಷೆ. 2000ದ ಆಸುಪಾಸಿನ ಜಿ.ಎಂ. ಲಾರಿಗಳ 246, 261, 263ಗಳಿಗೆ ಒಂದು ಹುಟ್ಟುರೋಗವಿದೆ. ಒಳಗಿನ ಎಣ್ಣೆ ಪಂಪಿನ ಕಿವಿಗಳು ಹಿಂದಿನ ಅರ್ಧದ ಮೆತ್ತನೆಯ ಲೋಹಕ್ಕೆ ಉಜ್ಜಿ ಉಜ್ಜಿ ಒಂದು ದಿನ ಸೂಜಿಮೊನೆಯಷ್ಟು ತೂತು ಮಾಡುತ್ತವೆ. ತೂತು ಮೇಲ್ಗಡೆ ಇರುವುದರಿಂದ ನಿಂತಿದ್ದಾಗ ಒಂದು ಹನಿಯೂ ಬೀಳುವುದಿಲ್ಲ. ಓಡುವಾಗ ಮಾತ್ರ ಎಣ್ಣೆ ಹೋಗುತ್ತದೆ, ಯಜಮಾನನಿಗೆ ಗೊತ್ತಾಗುವಾಗ ಚೈನು, ಬೇರಿಂಗುಗಳು ಒಣಗಿರುತ್ತವೆ. ‘ಕಣ್ಣಿಗೆ ಕಾಣದು, ಬೆರಳಿನಿಂದ ಸವರು’ ಎಂದಿದೆ ಪುಸ್ತಕ.

ಅಣ್ಣ 2020ರಲ್ಲಿ ಊರಿಗೆ ಬಂದ, ಮರುವರ್ಷ ತೀರಿಕೊಂಡ. ಅವನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವನು. ಅಪ್ಪನ ಪರಿಚಯದವರ ಮೂಲಕ ಅದೇ ಬೀದಿಯ ಬೇರೊಂದು ಅಂಗಡಿಗೆ ವೀಸಾ ಸಿಕ್ಕಿತು. ಹೊರಡಲು ಆರು ವಾರವಿದ್ದಾಗ ನೋಟುಪುಸ್ತಕ ಹಿಡಿದು ನನ್ನ ಮನೆಗೆ ಬಂದ. ‘ಚಿಕ್ಕಪ್ಪ, ಇದನ್ನು ಓದಿ ಹೇಳಿ, ನಾನು ಬರೆದುಕೊಳ್ಳುತ್ತೇನೆ’ ಎಂದ. ಹುಡುಗ ಮನೆಯಲ್ಲಿ ಆಡುವುದು ಕನ್ನಡವನ್ನೇ. ಆದರೆ ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಜೊತೆಗೆ ಮಲಯಾಳಂ. ಅಪ್ಪನ ಅಕ್ಷರ ಅವನಿಗೆ ಬರೇ ಸುರುಳಿ ಸುರುಳಿ ಗೆರೆ. ಅದರಲ್ಲಿ ಅವನನ್ನು ದೂರುವಂಥದೇನಿಲ್ಲ. ಹಾಗೆ ಓದಿಸಬೇಕೆಂದು ಹಣ ಕಳಿಸಿದವನು ಅಣ್ಣನೇ. ಮಗನಿಗೆ ಮಲಯಾಳಂ ಚೆನ್ನಾಗಿ ಬಂದರೆ ಊರಿನ ಕಚೇರಿಗಳಲ್ಲಿ, ಇಂಗ್ಲಿಷ್ ಬಂದರೆ ಹೊರಗೆ, ಎಂದು ಅವನ ಲೆಕ್ಕ. 1956ರ ನವೆಂಬರ್ 1ರಂದು ನಮ್ಮ ಅಜ್ಜಂದಿರ ಅಂಗಳ ಇದ್ದಲ್ಲೇ ಇದ್ದು ರಾಜ್ಯ ಬದಲಾದಂದಿನಿಂದ ಇಲ್ಲಿನ ಪ್ರತಿ ತಂದೆತಾಯಿ ಮಗುವನ್ನು ಶಾಲೆಗೆ ಸೇರಿಸುವಾಗ ಹಾಕುವ ಲೆಕ್ಕ ಅದು. ತಪ್ಪು ಎನ್ನಲು ನನಗೆ ಬಾಯಿಲ್ಲ, ನನ್ನ ಮಗಳೂ ಅದೇ ಶಾಲೆಗೆ ಹೋದವಳು.

ನನ್ನ ಮುಂದೆ ಎರಡು ದಾರಿಗಳಿದ್ದವು. ಪುಸ್ತಕವನ್ನೆಲ್ಲ ಮಲಯಾಳಂ ಅಥವಾ ಇಂಗ್ಲಿಷಿಗೆ ಇಳಿಸಿ ಕೊಡುವುದು. ಅದು ಎರಡು ಭಾನುವಾರಗಳ ಕೆಲಸ. ಅಥವಾ ಅವನಿಗೆ ಓದಲು ಕಲಿಸುವುದು. ನಾನು ಎರಡನ್ನೂ ಅರ್ಧರ್ಧ ಮಾಡಿದೆ. ಲೆಕ್ಕಗಳನ್ನು, ಪ್ರಮಾಣಗಳನ್ನು ಮೊದಲೇ ಬರೆಸಿಬಿಟ್ಟೆ. ಹೊಟ್ಟೆಪಾಡಿನ ವಿಷಯದಲ್ಲಿ ಭಾಷಾಭಿಮಾನದ ಪರೀಕ್ಷೆ ಮಾಡಬಾರದು. ಉಳಿದ ದಿನ ಸಂಜೆ ಬ್ಯಾಂಕಿನಿಂದ ಬಂದು ಅಕ್ಷರ ಹೇಳಿಕೊಟ್ಟೆ. ಪಾಠಕ್ಕೆ ಬೇರೆ ಪುಸ್ತಕ ತರಲಿಲ್ಲ. ‘ಎಡ’, ‘ಬಲ’, ‘ಹಲ್ಲು’, ‘ತಗಡು’, ‘ಎಣ್ಣೆ’. ಮಲಯಾಳಂ ಅಕ್ಷರ ಬಲ್ಲವನಿಗೆ ಕನ್ನಡದ ಕ್ರಮ ಹೊಸತಲ್ಲ, ಸ್ವರ, ವ್ಯಂಜನ, ಗುಣಿತ ಎಲ್ಲ ಅದೇ ಸಾಲು. ಆಕಾರ ಮಾತ್ರ ಬೇರೆ. ಈ ಸಂಚಿಕೆಯ ಮಲಯಾಳಂ ಪುಟಗಳ ಗೆಳೆಯರು ಮನಸ್ಸು ಮಾಡಿದರೆ ಒಂದು ತಿಂಗಳಲ್ಲಿ ನಮ್ಮ ಪುಟಗಳನ್ನೂ ಓದಿಯಾರು, ನಮ್ಮವರು ಅವರದನ್ನು ಓದುವ ಹಾಗೆ.

ಪುಸ್ತಕದಲ್ಲಿ ಪೆಟ್ಟಿಗೆಗಳಲ್ಲದೆ ಬೇರೆಯೂ ಇತ್ತು. 241ರ ಚಿತ್ರದ ಅಂಚಿನಲ್ಲಿ ಕೊಳವೆಬಾವಿಗೆ ಕಳಿಸಿದ ಹಣ. ಬೋರ್ಗ್‌ವಾರ್ನರ್ 1356ರ ಪುಟದ ತಲೆಯಲ್ಲಿ ‘ಅಮ್ಮನ ಕಣ್ಣಿನ ಆಪರೇಷನ್, ನಾಳೆ ಫೋನ್ ಮಾಡುವುದು’. ಇವನ್ನು ಭಾಷಾಂತರ ಮಾಡಲು ನಾನು ಯೋಚಿಸಿಯೇ ಇರಲಿಲ್ಲ, ಅದು ಕಸುಬಿಗೆ ಬೇಕಾದದ್ದಲ್ಲ. ಐದನೆಯ ವಾರದಲ್ಲಿ ಹುಡುಗ ಆ ಸಾಲನ್ನು ತಾನೇ ಕೂಡಿಸಿ ಕೂಡಿಸಿ ಓದಿದ. ಓದಿ ಮುಗಿಸಿ, ಪುಟ ಮಗುಚದೆ ಸ್ವಲ್ಪ ಹೊತ್ತು ಸುಮ್ಮನೆ ಕೂತ. ನಾನೂ ಏನೂ ಹೇಳಲಿಲ್ಲ.

ಪುಸ್ತಕ 273ರ ಹತ್ತಿರ ನಿಂತಿದೆ. ‘ಮೋಟಾರು ಯಾರಾದರೂ ಬಿಚ್ಚಿಕೊಂಡು ಹೋಗಿದ್ದರೆ 271 ಎಂದು ಮೋಸ ಹೋಗಬೇಡ, ಆಗ ನೋಡಬೇಕಾದ್ದು’ ಎಂದು ಅರ್ಧ ಸಾಲು. ಮುಂದೆ ಖಾಲಿ. ಅಣ್ಣನಿಗೆ ಹೊತ್ತು ಸಿಗಲಿಲ್ಲವೋ, ಗೊತ್ತಿದ್ದದ್ದೇ ಎಂದು ಬಿಟ್ಟನೋ.

ಕಳೆದ ವಿಷುವಿನ ಮರುದಿನ ಹುಡುಗ ಫೋನಿಗೆ ಒಂದು ಚಿತ್ರ ಕಳಿಸಿದ. ಆ ಪುಟದ್ದೇ. ಅರ್ಧ ಸಾಲಿನ ಕೆಳಗೆ ನೀಲಿ ಪೆನ್ನಿನಲ್ಲಿ, ಮಕ್ಕಳ ಕೈಬರಹದಂಥ ದಪ್ಪ ಕನ್ನಡದಲ್ಲಿ ಹೀಗಿತ್ತು: ‘ಮೋಟರು ಕೂರುವ ಜಾಗದ ಬೊಲ್ಟು ತೂತು ನೊಡು. ಅದು ಇದ್ದರೆ 273.’ ಎರಡು ಕಡೆ ದೀರ್ಘ ಬಿಟ್ಟುಹೋಗಿದೆ, ‘ಮೋಟಾರು’ ಒಂದು ಕಾಲು ಕಳೆದುಕೊಂಡಿದೆ. ತಿದ್ದಿ ಕಳಿಸೋಣವೆಂದು ಫೋನು ಕೈಗೆತ್ತಿಕೊಂಡೆ. ಹಿಂದಿನ ಪುಟಗಳಲ್ಲಿ ಅಣ್ಣನೂ ‘ಬೊಲ್ಟು’ ಎಂದೇ ಬರೆದಿದ್ದ. ಸರಿಯಾಗಿದೆ ಎಂದು ಮಾತ್ರ ಉತ್ತರ ಕೊಟ್ಟೆ.